ಕರಿಬಸಪ್ಪನ ಇಂಡಿಕಾಕ್ಕೆ ಒಂಬತ್ತು ಇಂಚಿನ ಪರದೆ

ಕುಷ್ಟಗಿಯ ಕರಿಬಸಪ್ಪ ಮೂವತ್ತೊಂದು ವರ್ಷ ಬಸ್ ಕಂಡಕ್ಟರಾಗಿದ್ದು ನಿವೃತ್ತನಾದ ಮನುಷ್ಯ. ಆದರೆ ಅವನು ಹೆಸರು ಮಾಡಿದ್ದು ಟಿಕೆಟ್ ಹರಿದು ಅಲ್ಲ, ಲಗ್ನ ಕೂಡಿಸಿ. ಯಾವ ಊರಿನ ಯಾವ ಮನೆಯಲ್ಲಿ ಮದುವೆಗೆ ಬಂದ ಮಗನಿದ್ದಾನೆ, ಯಾರ ಮಗಳು ಬಿ.ಇಡಿ. ಮುಗಿಸಿ ಕೂತಿದ್ದಾಳೆ, ಯಾವ ಅತ್ತೆಯ ಬಾಯಿ ಜೋರು, ಯಾವ ಮಾವ ಮೆತ್ತಗಿನ ಆಸಾಮಿ, ಇದೆಲ್ಲ ಅವನಿಗೆ ಬಸ್ಸಿನಲ್ಲೇ ತಿಳಿದದ್ದು. ಕೊಪ್ಪಳ, ಗಂಗಾವತಿ, ಯಲಬುರ್ಗಾ ಎಲ್ಲಿ ಇಳಿಸಿದರೂ ಅವನನ್ನು ಕರೆದು ಚಹಾ ಕುಡಿಸುವ ಒಂದು ಮನೆ ಇದ್ದೇ ಇರುತ್ತದೆ.

ನಾನು ಅವನ ಪಕ್ಕದ ಮನೆಯವನು, ಶರಣಕುಮಾರ. ಗೊಬ್ಬರ, ಬೀಜದ ಅಂಗಡಿ ಇಟ್ಟುಕೊಂಡಿದ್ದೇನೆ. ಹೆಣ್ಣು ನೋಡಲು ಹೋಗುವ ಗಾಡಿಯಲ್ಲಿ ಒಬ್ಬ ಗಂಭೀರ ಮನುಷ್ಯ ಇರಬೇಕೆಂದು ಅವನು ನನ್ನನ್ನು ಕರೆದುಕೊಂಡು ಹೋಗುತ್ತಾನೆ. ನಾನು ಗಂಭೀರನೇನಲ್ಲ. ಮುಂದಿನ ಹಲ್ಲು ಎರಡು ಬಿದ್ದಿರುವುದರಿಂದ ಬಾಯಿ ಮುಚ್ಚಿಕೊಂಡಿರುತ್ತೇನೆ, ಅಷ್ಟೇ.

ನಮ್ಮ ಕಡೆ ಸಂಬಂಧ ಕೂಡಿಸುವುದರಲ್ಲಿ ಒಂದು ದೊಡ್ಡ ತೊಡಕಿದೆ. ಹೆಣ್ಣಿನವರು ತಾವಾಗಿ ಕೇಳಿದರೆ ಹುಡುಗಿಯಲ್ಲಿ ಏನೋ ಐಬಿದೆ ಎನ್ನುತ್ತಾರೆ. ಗಂಡಿನವರು ಮೊದಲು ಕೇಳಿದರೆ ಹುಡುಗನಿಗೆ ಎಲ್ಲೂ ಹೆಣ್ಣು ಸಿಕ್ಕಿಲ್ಲ ಎನ್ನುತ್ತಾರೆ. ಹೀಗಾಗಿ ಎರಡೂ ಮನೆಯವರು ಒಳಗೊಳಗೇ ಆಸೆಪಡುತ್ತ ಬಿಗುಮಾನದಿಂದ ಕೂತಿರುತ್ತಾರೆ. ಕರಿಬಸಪ್ಪ ಮಾಡುವುದಿಷ್ಟೇ. ಗಂಡಿನವರ ಮನೆಗೆ ಹೋಗಿ, ಹೆಣ್ಣಿನವರು ದಿನಾ ಫೋನ್ ಮಾಡಿ ಜೀವ ತಿನ್ನುತ್ತಿದ್ದಾರೆ ಎನ್ನುತ್ತಾನೆ. ಹೆಣ್ಣಿನವರ ಮನೆಗೆ ಹೋಗಿ, ಗಂಡಿನವರು ದಿನಾ ಫೋನ್ ಮಾಡಿ ಜೀವ ತಿನ್ನುತ್ತಿದ್ದಾರೆ ಎನ್ನುತ್ತಾನೆ. ಫೋನನ್ನು ಯಾರೂ ಮಾಡಿರುವುದಿಲ್ಲ. ಇಬ್ಬರಿಗೂ ಮೀಸೆ ತಿರುವಿಕೊಂಡು ಹೂಂ ಎನ್ನುವ ಭಾಗ್ಯ ಸಿಗುತ್ತದೆ. ಇದರ ಜೊತೆಗೆ ಹುಡುಗಿಯ ವಯಸ್ಸಿನಲ್ಲಿ ಎರಡು ವರ್ಷ ಇಳಿಸುವುದು, ಹುಡುಗನ ನೌಕರಿಯಲ್ಲಿ ಒಂದು ಮೆಟ್ಟಿಲು ಏರಿಸುವುದು ಊಟದ ಜೊತೆಗಿನ ಉಪ್ಪಿನಕಾಯಿ ಇದ್ದ ಹಾಗೆ.

ಈ ಕೆಲಸಕ್ಕೆ ಬೇಕಾದದ್ದು ಗುಟ್ಟು. ದಾರಿಯಲ್ಲಿ ಫೋನ್ ಬಂದರೆ ಕರಿಬಸಪ್ಪ ಗಾಡಿಯನ್ನು ಬದಿಗೆ ಹಾಕಿ, ಇಳಿದು, ಇಪ್ಪತ್ತು ಹೆಜ್ಜೆ ದೂರದ ಬೇವಿನ ಗಿಡದ ಬುಡಕ್ಕೆ ಹೋಗಿ, ಬಾಯಿಗೆ ಕೈ ಅಡ್ಡ ಹಿಡಿದು ಮಾತಾಡುತ್ತಿದ್ದ. ತಿರುಗಿ ಬಂದು ಕೂತವನೇ, ಅವರದೇ ಫೋನು, ಮತ್ತೆ ಅದನ್ನೇ ಕೇಳುತ್ತಿದ್ದರು ಎಂದು ನಿಟ್ಟುಸಿರು ಬಿಡುತ್ತಿದ್ದ. ಫೋನ್ ಮಾಡಿದವಳು ಅವನ ಹೆಂಡತಿ, ಬರುವಾಗ ಮೊಸರು ತರಲು ಹೇಳಿರುತ್ತಿದ್ದಳು.

ಆದರೆ ಎರಡು ವರ್ಷದಿಂದ ಅವನ ಕೈಯಲ್ಲಿ ಒಂದು ಲಗ್ನವೂ ಕೂಡಿರಲಿಲ್ಲ. ಹುಡುಗ ಹುಡುಗಿಯರು ಫೋನಿನಲ್ಲೇ ಒಬ್ಬರನ್ನೊಬ್ಬರು ನೋಡಿ, ಬೇಡವಾದರೆ ಬೆರಳಿನಿಂದ ಸರಿಸಿಬಿಡುವ ಕಾಲ ಬಂದಿತ್ತು. ಅದರ ಮೇಲೆ ನವಲಿಯ ಕಡೆಯ ಒಬ್ಬ ಭತ್ತದ ಸಾವ್ಕಾರರ ಮಗ ಹೆಣ್ಣು ನೋಡಲು ಇವನ ಇಂಡಿಕಾ ಕಾರಿನಲ್ಲಿ ಕೂತು, ಮುಂದಿದ್ದ ಕ್ಯಾಸೆಟ್ ಟೇಪನ್ನು ನೋಡಿ, ಫೋಟೋ ತೆಗೆದು ಗೆಳೆಯರಿಗೆಲ್ಲ ಕಳಿಸಿದ. ಆ ಸಂಬಂಧ ಮುರಿಯಿತು. ಮುರಿದದ್ದು ಹುಡುಗಿ ಒಲ್ಲೆ ಎಂದಿದ್ದಕ್ಕೆ. ಕರಿಬಸಪ್ಪ ಮಾತ್ರ ತಪ್ಪನ್ನೆಲ್ಲ ಟೇಪಿನ ತಲೆಗೆ ಕಟ್ಟಿದ.

ಆಗ ಅವನ ಕೈಯಲ್ಲಿ ಉಳಿದಿದ್ದದ್ದು ಒಂದೇ ಸಂಬಂಧ. ಗಂಡು ಗಿಣಿಗೇರಾದ ವಿರೂಪಾಕ್ಷಮ್ಮನ ಮಗ ಗವಿಸಿದ್ದೇಶ, ಕಾರ್ಖಾನೆಯಲ್ಲಿ ಕ್ರೇನ್ ನಡೆಸುವವನು. ಹೆಣ್ಣು ಯಲಬುರ್ಗಾದ ಅಂದಾನಪ್ಪನ ಮಗಳು ಮಲ್ಲೇಶ್ವರಿ, ರಕ್ತ ತಪಾಸಣೆಯ ಲ್ಯಾಬಿನಲ್ಲಿ ಕೆಲಸ. ಅವನನ್ನು ಐದು ಹುಡುಗಿಯರು ಬೇಡವೆಂದಿದ್ದರು, ಇವಳು ನಾಲ್ವರನ್ನು ಬೇಡವೆಂದಿದ್ದಳು.

"ಇದೊಂದು ತಪ್ಪಿತಂದ್ರ ನನ್ನ ಹೆಸರು ಮುಗದ್ಹಂಗ ಶರಣೂ" ಎಂದ ಒಂದು ದಿನ ನನ್ನ ಅಂಗಡಿಯ ಗೊಬ್ಬರದ ಚೀಲದ ಮೇಲೆ ಕೂತು. "ಮಂದಿ ನನ್ನನ್ನ ಲಗ್ನದ ಊಟಕ್ಕ ಕರೀತಾರ, ಲಗ್ನಾ ಕೂಡಸಾಕ ಕರೆಯಂಗಿಲ್ಲ." ಆಮೇಲೆ ತಲೆ ಎತ್ತಿ, ಇಂಡಿಕಾಕ್ಕೆ ಟಚ್ ಸ್ಕ್ರೀನ್ ಹಾಕಿಸಬೇಕು ಎಂದ.

ಅವನು ಸ್ಟೀರಿಯೋ ಹುಡುಕಿದ್ದು ಹೆಣ್ಣು ಹುಡುಕುವ ರೀತಿಯಲ್ಲೇ. ಹೋದ ಅಂಗಡಿಯಲ್ಲೆಲ್ಲ ಮೊದಲು ಮನೆತನ ವಿಚಾರಿಸಿದ. ಯಾವ ಕಂಪನಿಯದು, ಮೂಲ ಎಲ್ಲಿಯದು, ಇದರ ಅಕ್ಕತಂಗಿಯರು ಈಗಾಗಲೇ ಯಾರ ಯಾರ ಗಾಡಿಗೆ ಹೋಗಿವೆ, ಹೋದಲ್ಲಿ ಹೇಗೆ ಬಾಳುತ್ತಿವೆ. ಬಿಸಿಲಿಗೆ ಸಿಟ್ಟಿಗೇಳುತ್ತದೆಯೇ ಎಂದೂ ಕೇಳಿದ. ಅದೊಂದು ಪ್ರಶ್ನೆ ಮಾತ್ರ ಲೆಕ್ಕಕ್ಕೆ ಬರುವಂಥದ್ದು. ನಮ್ಮ ಏಪ್ರಿಲ್ ಬಿಸಿಲಿನಲ್ಲಿ ಎರಡು ತಾಸು ನಿಂತ ಗಾಡಿಯೊಳಗೆ ಅಗ್ಗದ ಪರದೆಗಳು ಮುಖ ಕಪ್ಪು ಮಾಡಿಕೊಂಡು ಕೂತುಬಿಡುತ್ತವೆ.

ಕೊಪ್ಪಳದ ಅಂಗಡಿಯವನಿಗೆ, ಗಂಗಾವತಿಯವರು ದಿನಾ ಫೋನ್ ಮಾಡಿ ಕರೆಯುತ್ತಿದ್ದಾರೆ ಎಂದು ಹೇಳಿದ. ಮರುದಿನ ಗಂಗಾವತಿಯ ನೂರಸಾಬನ ಅಂಗಡಿಗೆ ಹೋಗಿ, ಕೊಪ್ಪಳದವರು ದಿನಾ ಫೋನ್ ಮಾಡಿ ಕರೆಯುತ್ತಿದ್ದಾರೆ ಎಂದ. ನೂರಸಾಬ ಕೈ ಒರೆಸಿಕೊಂಡು, ನಗದೆ, ಚಹಾ ತರಿಸಿದ. ಕೊಪ್ಪಳದ ಅಂಗಡಿಯವನು ಅವನ ಹೆಂಡತಿಯ ತಮ್ಮನಂತೆ. ಇಂಥ ಯಜಮಾನರೊಬ್ಬರು ಬರುತ್ತಾರೆ, ಇಂಥದೇ ಮಾತು ಹೇಳುತ್ತಾರೆ, ಚಹಾ ಕುಡಿಸು ಎಂದು ಹಿಂದಿನ ದಿನವೇ ತಿಳಿಸಿದ್ದನಂತೆ. ಇನ್ನೊಬ್ಬನಾಗಿದ್ದರೆ ನಾಚಿಕೆಪಡುತ್ತಿದ್ದ. ಕರಿಬಸಪ್ಪ ಚಹಾ ಚೆನ್ನಾಗಿದೆ ಎಂದ.

ನೂರಸಾಬ ಕೆಲಸ ಬಲ್ಲವನು. ಇಂಡಿಕಾದ ಬಾಗಿಲು ತೆರೆದು, ಟೇಪಿನ ಗೂಡಿಗೆ ಗೇಣು ಹಾಕಿ, ಕೆಳಗಿನ ಚಿಲ್ಲರೆ ಡಬ್ಬಿ ತೆಗೆದರೆ ಏಳು ಇಂಚಿನದು ಸಲೀಸಾಗಿ ಕೂರುತ್ತದೆ ಎಂದ. ಒಂಬತ್ತು ಇಂಚಿನದಕ್ಕೆ ಡ್ಯಾಶ್‌ಬೋರ್ಡ್ ಕೊಯ್ಯಬೇಕು, ಬೇರೆ ಚೌಕಟ್ಟು ಕೂರಿಸಬೇಕು. ಗಾಡಿ ಹಳೆಯದು, ಮೊದಲು ವೈರಿಂಗ್ ಮತ್ತು ಬ್ಯಾಟರಿ ನೋಡಬೇಕು. ಮೆಮೊರಿ ಎರಡು ಜಿಬಿಯದು ಬೇಡ, ನಾಲ್ಕರದು ಇರಲಿ, ಇಲ್ಲವಾದರೆ ನೀವು ಊರು ಮುಟ್ಟಿದ ಮೇಲೆ ಮ್ಯಾಪ್ ತೆರೆದುಕೊಳ್ಳುತ್ತದೆ ಎಂದ. ಅವನು ಒತ್ತಿ ಹೇಳಿದ್ದು ಒಂದನ್ನೇ.

"ಸಾವ್ಕಾರ್ರ, ತಿರುವೋ ಗುಂಡಿ ಇದ್ದದ್ದು ತಗೋರಿ. ನಮ್ಮ ರಸ್ತೆ ಮ್ಯಾಲ ಗಾಡಿ ಕುಣಿಯುವಾಗ ಬಟ್ಟು ಪರದಿ ಮ್ಯಾಲ ನಿಂದರಂಗಿಲ್ಲ. ಒಂದು ಒತ್ತಾಕ ಹೋದ್ರ ಇನ್ನೊಂದು ಆಕ್ಕೈತಿ."

ಕರಿಬಸಪ್ಪನ ಲೆಕ್ಕವೇ ಬೇರೆ. ಅವನು ನನ್ನನ್ನು ಹಿಂದಿನ ಸೀಟಿನ ನಡುವೆ ಕೂರಿಸಿ, ಏಳರದು ಹಿಡಿದು ಕಾಣುತ್ತದೆಯೇ ಎಂದು ಕೇಳಿದ, ಒಂಬತ್ತರದು ಹಿಡಿದು ಕಾಣುತ್ತದೆಯೇ ಎಂದು ಕೇಳಿದ. ಹಿಂದೆ ಕೂರುವುದು ಗಂಡಿನ ತಾಯಿ, ಅವಳಿಗೆ ಕಾಣದಿದ್ದರೆ ಹಾಕಿಸಿ ಏನು ಉಪಯೋಗ ಎನ್ನುವುದು ಅವನ ವಾದ. ಹಾಡು ಹೇಗೆ ಕೇಳುತ್ತದೆ ಎಂದು ಅವನು ಒಂದು ಸಲವೂ ಕೇಳಲಿಲ್ಲ. ಒಂಬತ್ತು ಇಂಚು ಎಂದ. ಗುಂಡಿ ಬೇಡ ಎಂದ, ಗುಂಡಿ ಇದ್ದರೆ ಹಳೆಯ ರೇಡಿಯೋ ಕಂಡಂತೆ ಕಾಣುತ್ತದಂತೆ. ಮೈಕು ಮಾತ್ರ ದೊಡ್ಡದು ಬೇಕು, ನಮ್ಮ ಮಾತು ಆ ಕಡೆ ಸ್ವಚ್ಛ ಕೇಳಬೇಕು ಎಂದ. ಅದನ್ನು ಕನ್ನಡಿಯ ಮೇಲುಗಡೆ ಅಂಟಿಸಿದರು. ಡ್ಯಾಶ್‌ಬೋರ್ಡ್ ಕೊಯ್ಯುವಾಗ ಕಣ್ಣು ಮುಚ್ಚಿಕೊಂಡು ನಿಂತಿದ್ದ.

ಕೊನೆಗೆ, ಎರಡೂ ಕೈ ಸ್ಟೀರಿಂಗ್ ಮೇಲಿರುತ್ತವೆ, ಫೋನ್ ಬಂದರೆ ತಾನೇ ಎತ್ತುವಂತೆ ಮಾಡು ಎಂದ. ಗಾಡಿಯಲ್ಲಿ ಬೇರೆ ಯಾರಾದರೂ ಕೂತಿದ್ದರೆ ಎಂದು ನೂರಸಾಬ ಎರಡು ಸಲ ಕೇಳಿದ. ಕೇಳಲಿ, ಎಷ್ಟು ಛಲೋ ಸೆಟ್ ಹಾಕಿಸಿದ್ದೇನೆಂದು ಅವರಿಗೂ ತಿಳಿಯಲಿ ಎಂದ ಕರಿಬಸಪ್ಪ. ತಿರುಗಿ ಬರುವಾಗ ತಾವರಗೇರಾ ದಾಟುತ್ತಿದ್ದಂತೆ ಅವನ ಹೆಂಡತಿಯ ಫೋನ್ ಬಂತು. ಮೊಸರು ತರಬೇಕೆನ್ನುವ ಮಾತು ನಾಲ್ಕೂ ಸ್ಪೀಕರಿನಿಂದ ಗಾಡಿ ತುಂಬ ಮೊಳಗಿತು. ಅವನಿಗೆ ಖುಷಿಯೋ ಖುಷಿ. ಅವನ ಕಸುಬು ಬಲ್ಲ ನನಗಾದರೂ ಆಗ ಹೊಳೆಯಬೇಕಿತ್ತು, ನಾನು ನಗುವುದರಲ್ಲಿ ಮೈಮರೆತಿದ್ದೆ.

ಮುಂದಿನ ಐತವಾರ ಗಿಣಿಗೇರಾದಿಂದ ಹೊರಟೆವು. ಹಿಂದಿನ ಸೀಟಿನ ನಡುವೆ ವಿರೂಪಾಕ್ಷಮ್ಮ, ಒಂದು ಕಿಟಕಿಗೆ ಗವಿಸಿದ್ದೇಶ, ಇನ್ನೊಂದು ಕಿಟಕಿಗೆ ಅವನ ಸೋದರಮಾವ ಗಾಳೇಶ. ಮುಂದೆ ನಾನು, ಬಾಯಿ ಮುಚ್ಚಿಕೊಂಡು. ಪರದೆಯ ಮೇಲೆ ರಸ್ತೆಯ ನಕ್ಷೆ ನೀಲಿಯಾಗಿ ಓಡುತ್ತಿತ್ತು. ವಿರೂಪಾಕ್ಷಮ್ಮ ಅದನ್ನು ನೋಡಿ, ಗಾಡಿಯಲ್ಲೇ ಟೀವಿ ಕೂರಿಸಿದ್ದೀರಲ್ಲ ಎಂದಾಗ ಕರಿಬಸಪ್ಪನ ಕತ್ತು ಎರಡು ಇಂಚು ಮೇಲೆದ್ದಿತು.

ಭಾನಾಪುರ ದಾಟಿ ಕುಕನೂರು ಇನ್ನೇನು ಬಂತು ಎನ್ನುವಾಗ ಫೋನ್ ಬಂತು. ನಕ್ಷೆ ಸರಿದು, ಅಂಗೈ ಅಗಲದ ಅಕ್ಷರದಲ್ಲಿ 'ಯಲಬುರ್ಗಾ ಅಂದಾನಪ್ಪ' ಎಂದು ಮೂಡಿತು. ಕರಿಬಸಪ್ಪನ ಕಾಲು ಅಭ್ಯಾಸದಂತೆ ಬ್ರೇಕಿನ ಮೇಲೆ ಹೋಯಿತು, ಕಣ್ಣು ಬೇವಿನ ಗಿಡ ಹುಡುಕಿತು. ಅಷ್ಟರಲ್ಲಿ ಸೆಟ್ಟು ಫೋನನ್ನು ತಾನೇ ಎತ್ತಿಬಿಟ್ಟಿತ್ತು.

"ಕರಿಬಸಪ್ಪಾರ, ಎಲ್ಲಿಗೆ ಬಂದ್ರಿ? ರವಾ ಹುರದು ಇಟ್ಟೀವಿ. ಅಲ್ರಿ, ನಮ್ಮ ಅಣ್ಣತಮ್ಮರು ಈ ಸಂಬಂಧ ಬ್ಯಾಡ ಅಂತಿದ್ರು. ಆ ಹುಡುಗನ ತಾಯಿ ದಿನಾ ಫೋನ್ ಮಾಡಿ ಅಳತಾಳ, ನಿಮ್ಮ ಮನಿ ಹೆಣ್ಣ ಬೇಕಂತ ಹಟಾ ಹಿಡದಾಳ ಅಂತ ನೀವು ಹೇಳಿದ್ದಕ್ಕ, ಕನಿಕರ ಬಂದು ಹೂಂ ಅಂದೀನಿ ನೋಡ್ರಿ."

ಕರಿಬಸಪ್ಪ ಪರದೆಯನ್ನು ಒತ್ತಿದ. ಶಬ್ದ ಇನ್ನಷ್ಟು ಜೋರಾಯಿತು, 'ಕನಿಕರ' ಎನ್ನುವುದು ರಸ್ತೆಯಲ್ಲಿ ಹೋಗುವವರಿಗೂ ಕೇಳಿಸಿರಬೇಕು. ಗಾಡಿ ಒಂದು ಗುಂಡಿಗೆ ಇಳಿದು ಎದ್ದಿತು, ಬೆರಳು ಇನ್ನೆಲ್ಲೋ ಬಿತ್ತು, ಪರದೆಯ ಮೇಲೆ ಮತ್ತೆ ನಕ್ಷೆ ಬಂತು. ಅಂದಾನಪ್ಪನ ಮಾತೂ ನಿಂತಿತು. ಫೋನ್ ಕಟ್ಟಾಯಿತು ಎಂದುಕೊಂಡು ಕರಿಬಸಪ್ಪ ಉಸಿರು ಬಿಟ್ಟ.

ಗಾಡಿ ನಿಲ್ಲಿಸಲು ವಿರೂಪಾಕ್ಷಮ್ಮ ಹೇಳಿದಳು. ಬದಿಗೆ ಹಾಕಿದ. ಎಂಜಿನ್ ಮಾತ್ರ ಆರಿಸಲಿಲ್ಲ. ಹಳೆಯ ಗಾಡಿ, ಮತ್ತೆ ಹೊತ್ತದೆ ಹೋದರೆ ಗಂಡಿನವರೇ ಇಳಿದು ದಬ್ಬಬೇಕಾಗುತ್ತದೆ.

"ನಾ ಯಾವಾಗ ಅತ್ತೆನ್ರಿ?" ಎಂದು ಕೇಳಿದಳು ವಿರೂಪಾಕ್ಷಮ್ಮ. ದನಿ ಏರಿಸಲಿಲ್ಲ, ಅದೇ ಹೆಚ್ಚು ಹೆದರಿಕೆ ಹುಟ್ಟಿಸುವಂತಿತ್ತು. "ನನ್ನ ಹತ್ರ ಅವರ ನಂಬರ್ ಸುದ್ದಾ ಇಲ್ಲ. ಅವರ ದಿನಾ ಕೇಳಾಕ ಹತ್ಯಾರ ಅಂತ ನೀವಲ್ಲೇನು ಬಂದು ಹೇಳಿದವರು?"

ಗಾಳೇಶ ಗಾಡಿ ತಿರುಗಿಸಿ ಎಂದ. ಗವಿಸಿದ್ದೇಶ ಕಿಟಕಿಯಾಚೆ ತೊಗರಿ ಹೊಲ ನೋಡುತ್ತಿದ್ದ. ಆರನೆಯ ಸಲವೂ ಹೀಗೇ ಆಯಿತಲ್ಲ ಎನ್ನುವಂತಿತ್ತು ಅವನ ಮುಖ.

ಎಂಥ ಇಕ್ಕಟ್ಟಿನಲ್ಲೂ ಕರಿಬಸಪ್ಪ ಮಾತಿಗೆ ತಡವರಿಸಿದ್ದನ್ನು ನಾನು ನೋಡಿದವನಲ್ಲ. ಮುರಿದುಹೋದ ನಿಶ್ಚಿತಾರ್ಥವನ್ನು ಅರ್ಧ ತಾಸಿನಲ್ಲಿ ಕೂಡಿಸಿದವನು ಅವನು. ಈಗ ಬಾಯಿ ತೆರೆದ, ಮುಚ್ಚಿದ. ನನಗೆ ಅವನ ಮೇಲೆ ಕೆಟ್ಟ ಸಿಟ್ಟು ಬಂತು, ಅದರ ಹಿಂದೆಯೇ ಅಯ್ಯೋ ಅನ್ನಿಸಿತು. ಕೊನೆಗೆ ಅವನು ಹಿಂದಕ್ಕೆ ತಿರುಗಿ ಕೂತ.

"ಅವರೂ ಕೇಳಿಲ್ರಿ, ನೀವೂ ಕೇಳಿಲ್ಲ. ಯಾರೂ ಕೇಳಿಲ್ಲ, ನಾನ ಕೇಳೀನಿ. ಹೋದ ವರ್ಷ ಆ ಹುಡುಗಿ ನನ್ನ ರಕ್ತಾ ತಗದು, ಸಕ್ಕರಿ ಐತಿ ಕಾಕಾ ಅಂತ ಮಖದ ಮ್ಯಾಲ ಹೇಳಿದ್ಳು. ನನ್ನ ಕಾಲು ನಡಗಾಕ ಹತ್ತಿದ್ದು ನೋಡಿ, ಕೆಲಸಾ ಬಿಟ್ಟು ಗಾಡಿ ತನಕಾ ಕೈ ಹಿಡದು ತಂದು ಕೂಡಿಸಿದ್ಳು. ಅವತ್ತ ನನಗ ನಿಮ್ಮ ಗವಿಸಿದ್ದೇಶ ನೆನಪಾದ. ಅವರಪ್ಪ ಹೋದ ಮ್ಯಾಲ ನಿಮ್ಮನ್ನ ಅವ ಹೆಂಗ ನೋಡ್ಕೊಂಡಾನ ಅನ್ನೋದು ನಾ ಕಂಡೀನಿ. ಈ ಇಬ್ರು ಕೂಡಿದ್ರ ಛಲೋ ಆಕ್ಕೈತಿ ಅನ್ನಿಸ್ತು. ಖರೆ ಇಷ್ಟರಿ."

ಉಳಿದದ್ದನ್ನೂ ಹೇಳಿರಿ ಎಂದಳು ವಿರೂಪಾಕ್ಷಮ್ಮ. ಅವನು ಹೇಳಿದ. ಗವಿಸಿದ್ದೇಶ ಸೂಪರ್‌ವೈಸರ್ ಎಂದು ಅವರಿಗೆ ತಿಳಿಸಿದ್ದೇನೆ, ಕ್ರೇನ್ ಸುದ್ದಿ ಎತ್ತಿಲ್ಲ. ಹುಡುಗಿಗೆ ಇಪ್ಪತ್ತಾರು ಎಂದು ನಿಮಗೆ ಹೇಳಿದ್ದೇನೆ, ಖರೆ ನೋಡಿದರೆ ಇಪ್ಪತ್ತೊಂಬತ್ತು.

"ಮೂವತ್ತು ಕಾಕಾ" ಎಂದಿತು ಒಂದು ಹೆಣ್ಣುದನಿ. "ಮೊನ್ನಿ ಮೂವತ್ತು ತುಂಬಿದ್ವು. ಖರೆ ಹೇಳಾಕ ಕುಂತ ಮ್ಯಾಲ ಪೂರ್ತಿ ಹೇಳ್ರಿ."

ದನಿ ನಾಲ್ಕೂ ಸ್ಪೀಕರಿನಿಂದ ಬಂದದ್ದರಿಂದ ಯಾವ ಕಡೆ ನೋಡಬೇಕೆಂದು ಯಾರಿಗೂ ತಿಳಿಯಲಿಲ್ಲ. ಗಾಳೇಶ ಬಗ್ಗಿ ಸೀಟಿನ ಕೆಳಗೆ ನೋಡಿದ. ಫೋನ್ ಕಟ್ಟಾಗಿರಲೇ ಇಲ್ಲ. ಕರಿಬಸಪ್ಪನ ಬೆರಳು ಅದನ್ನು ನಕ್ಷೆಯ ಹಿಂದೆ ಬಚ್ಚಿಟ್ಟಿತ್ತು, ಅಷ್ಟೇ. ಆ ಕಡೆ ಮಾತು ಮುಗಿಸಿ ಉತ್ತರಕ್ಕೆ ಕಾಯುತ್ತಿದ್ದ ಅಂದಾನಪ್ಪ, ಗಾಡಿಯಲ್ಲಿ ಹೆಂಗಸಿನ ದನಿ ಕೇಳಿ ಬೆಚ್ಚಿ ಸುಮ್ಮನಾಗಿದ್ದನಂತೆ. ಅತಿಥಿಗಳು ಎಲ್ಲಿಗೆ ಬಂದರೆಂದು ತಿಳಿಯಲು ಮನೆಮಂದಿಯೆಲ್ಲ ಅವನ ಸುತ್ತ ನಿಂತಿದ್ದರಂತೆ. ಕನ್ನಡಿಯ ಮೇಲಿನ ಆ ದೊಡ್ಡ ಮೈಕು ಕರಿಬಸಪ್ಪನ ಒಂದೊಂದು ಮಾತನ್ನೂ ಅವರಿಗೆ ಸ್ವಚ್ಛವಾಗಿ ಮುಟ್ಟಿಸಿತ್ತು.

"ಕ್ರೇನ್ ನಡಸೋರು ಗಾಡಿಯಾಗ ಅದಾರೇನ್ರಿ?" ಎಂದು ಕೇಳಿದಳು ಮಲ್ಲೇಶ್ವರಿ. "ಬರತಾರೋ ಇಲ್ಲೋ ಅವರ ಹೇಳ್ಲಿ. ಉಪ್ಪಿಟ್ಟಿಗೆ ಎಸರ ಇಡಬೇಕು."

ಗವಿಸಿದ್ದೇಶ ಗಿಣಿಗೇರಾ ಬಿಟ್ಟಾಗಿನಿಂದ ಒಂದು ಮಾತೂ ಆಡಿರಲಿಲ್ಲ. ಈಗ ನಮ್ಮಿಬ್ಬರ ಸೀಟಿನ ನಡುವೆ ತಲೆ ತೂರಿಸಿ, ಪರದೆಯ ಮುಂದೆ ಅಂಗಿಯ ಕಾಲರ್ ಸರಿಮಾಡಿಕೊಂಡ.

"ಬರಾಕ ಹತ್ತೀವ್ರಿ, ಅರ್ಧ ತಾಸು" ಎಂದ. ಪರದೆಯ ಮೇಲೆ ಕಣ್ಣಾಡಿಸಿ, "ಇದರಾಗ ಫೋನ್ ಇಡೋದು ಹೆಂಗಂತ ಇಲ್ಲಿ ಯಾರಿಗೂ ಗೊತ್ತಿಲ್ರಿ" ಎಂದ.

"ನಾ ಇಡತೀನಿ ಬಿಡ್ರಿ" ಎಂದಳು ಅವಳು. ನಗುತ್ತಿದ್ದದ್ದು ಕೇಳಿಸಿತು.

ಯಲಬುರ್ಗಾದ ಆ ಮನೆಯಲ್ಲಿ ಉಪ್ಪಿಟ್ಟು ತಿಂದೆವು, ಚಹಾ ಕುಡಿದೆವು. ಹುಡುಗ ಹುಡುಗಿ ಹಿತ್ತಲಲ್ಲಿ ಮಾತಾಡಿ ಬಂದರು. ಇಬ್ಬರ ಮುಖ ನೋಡಿದರೆ ಕೇಳುವುದು ಏನೂ ಉಳಿದಿರಲಿಲ್ಲ. ಆದರೂ ಯಾರಾದರೊಬ್ಬರು ಬಾಯಿ ಬಿಟ್ಟು ಕೇಳಲೇಬೇಕಲ್ಲ. ಅಂದಾನಪ್ಪ ಛಾವಣಿ ನೋಡುತ್ತ ಕೂತ. ಗಾಳೇಶ ಉಗುರು ನೋಡಿಕೊಂಡ. ಇಂಥ ಹೊತ್ತಿಗಾಗಿಯೇ ಹುಟ್ಟಿದ್ದ ಕರಿಬಸಪ್ಪ ತಲೆ ತಗ್ಗಿಸಿ ಬಾಗಿಲ ಹತ್ತಿರ ಕೂತಿದ್ದ. ಕೊನೆಗೆ ವಿರೂಪಾಕ್ಷಮ್ಮ ಸೆರಗು ಸರಿಪಡಿಸಿಕೊಂಡಳು.

"ನಾ ದಿನಾ ಫೋನ್ ಮಾಡಿ ಅತ್ತೀನಂತ ನಿಮ್ಮ ಮಂದಿಗೆಲ್ಲ ಗೊತ್ತಾಗೇತಿ. ಇನ್ನ ಕೇಳಾಕ ನನಗೇನ ನಾಚಿಕಿ. ನಿಮ್ಮ ಮಗಳನ್ನ ಕೊಡ್ರಿ."

"ನಾನೂ ದಿನಾ ಫೋನ್ ಮಾಡೀನಂತಲ್ರಿ" ಎಂದ ಅಂದಾನಪ್ಪ. "ತಗೋರಿ, ಕೊಟ್ಟೆ."

ಮನೆಯೆಲ್ಲ ನಕ್ಕಿತು. ನಾನೂ ಹಲ್ಲಿನ ಚಿಂತೆ ಬಿಟ್ಟು ನಕ್ಕೆ. ಕರಿಬಸಪ್ಪನ ಬಾಯಿಗೆ ವಿರೂಪಾಕ್ಷಮ್ಮನೇ ಸಕ್ಕರೆ ಹಾಕಲು ಹೋದಳು, ಅವನಿಗೆ ಸಕ್ಕರೆ ಕಾಯಿಲೆಯೆಂದು ಮಲ್ಲೇಶ್ವರಿ ಕೈ ಅಡ್ಡ ಹಿಡಿದಳು.

ಅವರನ್ನೆಲ್ಲ ಗಿಣಿಗೇರಾದಲ್ಲಿ ಇಳಿಸಿ ನಾವಿಬ್ಬರೇ ಕುಷ್ಟಗಿಯ ದಾರಿ ಹಿಡಿದೆವು. ಎರಡು ವರ್ಷದ ಮೇಲೆ ಒಂದು ಲಗ್ನ ಕೂಡಿದೆ, ಊರು ಮುಟ್ಟುವವರೆಗೂ ಇವನ ಜಂಬ ಕೇಳಬೇಕಲ್ಲ ಎಂದು ನಾನು ಮನಸ್ಸು ಗಟ್ಟಿಮಾಡಿಕೊಂಡಿದ್ದೆ. ಅವನು ಹತ್ತು ಮೈಲಿ ಸುಮ್ಮನೆ ಗಾಡಿ ಓಡಿಸಿದ.

"ಅರವತ್ತೆರಡು ಲಗ್ನಾ ಕೂಡಿಸೀನಿ ಶರಣೂ" ಎಂದ ಆಮೇಲೆ. "ಅರವತ್ತೆರಡಕ್ಕೂ ಸುಳ್ಳ ಹೇಳೀನಿ. ಇವತ್ತು ಖರೆ ಹೇಳಿದೆ, ಇದೂ ಕೂಡಿತು. ಹಂಗಂದ್ರ ಇಷ್ಟು ವರ್ಷ ನಾ ಯಾಕ ಸುಳ್ಳ ಹೇಳಿದೆ?"

ಅವನ ಕಣ್ಣಲ್ಲಿ ನೀರಿತ್ತು. ಏನಾದರೂ ಹೇಳಿ ಸಮಾಧಾನ ಮಾಡಬೇಕೆನ್ನುವಷ್ಟರಲ್ಲಿ ನನಗೆ ಬೇರೆಯೇ ಒಂದು ಹೆದರಿಕೆ ಹುಟ್ಟಿತು.

ನಿಮಗೆ ಒಂದು ಮಾತು ಹೇಳಿರಲಿಲ್ಲ. ಆ ಅರವತ್ತೆರಡರಲ್ಲಿ ನನ್ನದೂ ಒಂದು. ಇಪ್ಪತ್ತೊಂದು ವರ್ಷದ ಹಿಂದೆ ಇದೇ ಕರಿಬಸಪ್ಪ ನಮ್ಮ ಮನೆಗೆ ಬಂದು, ಹುಡುಗಿ ನೌಕರಿಯವರಿಬ್ಬರನ್ನು ಒಲ್ಲೆನೆಂದು ನಿನ್ನನ್ನೇ ಬೇಕೆಂದು ಹಟ ಹಿಡಿದಿದ್ದಾಳೆ ಎಂದು ಹೇಳಿದ್ದ. ಆ ಮಾತಿನ ಮೇಲೆ ನಾನು ಸಂಸಾರ ಮಾಡಿದ್ದೇನೆ. ಅವಳು ಬೈದಾಗಲೆಲ್ಲ ಅದನ್ನು ನೆನೆದು, ಪಾಪ, ನನಗಾಗಿ ಇಬ್ಬರನ್ನು ಬಿಟ್ಟವಳು ಎಂದು ಸುಮ್ಮನಾಗಿದ್ದೇನೆ. ಈಗ ಈ ಮನುಷ್ಯನಿಗೆ ಖರೆ ಹೇಳುವ ರುಚಿ ಹತ್ತಿತ್ತು. ಗಾಡಿ ನಿಧಾನ ಮಾಡಿ, ನನ್ನ ಕಡೆ ತಿರುಗಿದ.

"ಶರಣೂ, ನಿನ್ನ ಲಗ್ನದಾಗೂ ನಾ..."

ನಾನು ಕೈ ಚಾಚಿ, ಆ ಒಂಬತ್ತು ಇಂಚಿನ ಪರದೆಯ ಮೇಲೆ ಸಿಕ್ಕಸಿಕ್ಕಲ್ಲಿ ಒತ್ತಿ, ಯಾವುದೋ ಹಾಡು ಹಚ್ಚಿ, ಶಬ್ದವನ್ನು ಪೂರ್ತಿ ಏರಿಸಿದೆ.